ನಾಲ್ಕನೇ ಸೀಟಿನ ಸಾಹಸಗಳು

ಒಬ್ಬನೇ ನಲವತ್ತು ಮಂದಿಯನ್ನು ಬಡಿದರೆ ಅದು ಹೊಡೆದಾಟದ ಸಿನಿಮಾ. ನಲವತ್ತು ಮಂದಿ ಸೇರಿ ಒಬ್ಬನನ್ನು ಹಿಂಡಿದರೆ ಅದು ಲೋಕಲ್ ರೈಲು. ಮೊದಲನೆಯದಕ್ಕೆ ಪ್ರತಿಸಲವೂ ಟಿಕೆಟ್ ತೆಗೆಯಬೇಕು, ಎರಡನೆಯದಕ್ಕೆ ತಿಂಗಳ ಪಾಸು ಸಾಕು. ಮುಂಬಯಿಯ ಮಧ್ಯ ರೈಲ್ವೆಯಲ್ಲಿ ಕಾಂಜೂರ್‌ಮಾರ್ಗ್ ದಾಟಿ ನಾಹೂರ್ ಬರುವ ಮುಂಚೆ ಸಿಗುವ ಭಾಂಡುಪಿನ ಕನ್ನಡ ಮನೆಗಳು ಈ ಎರಡರಲ್ಲೂ ನುರಿತವು. ಮೂಲ ಹೆಚ್ಚಾಗಿ ಉಡುಪಿ, ಮಂಗಳೂರು ಕಡೆಯದು. ಮನೆಯಲ್ಲಿ ತುಳು, ಸಂಘದ ಸಭೆಯಲ್ಲಿ ಕನ್ನಡ, ತರಕಾರಿಯವನ ಹತ್ತಿರ ಮರಾಠಿ, ಜಗಳಕ್ಕೆ ಹಿಂದಿ. ಮೂವರು ಕೂರುವ ಸೀಟಿನ ತುದಿಯಲ್ಲಿ ಅರ್ಧ ತೊಡೆ ಊರಿ 'ನಾಲ್ಕನೇ ಸೀಟು' ಗಿಟ್ಟಿಸಿಕೊಂಡು ಊರೆಲ್ಲ ತಿರುಗುವವರಿಗೆ ಸಾಹಸವೆಂದರೇನು ಎಂದು ಪರದೆಯಿಂದ ಕಲಿಯಬೇಕಾಗಿಲ್ಲ. ಹಾಗಾಗಿ ಹೊಡೆದಾಟದ ಸಿನಿಮಾ, ಹದಿಹರೆಯದವರ ಕಾದಂಬರಿಗಳ ಬಗ್ಗೆ ಇಲ್ಲಿನ ವಿಮರ್ಶೆ ಸ್ವಲ್ಪ ಖಾರ.

2018ರ ಡಿಸೆಂಬರ್ 21ರಂದು ಬಿಡುಗಡೆಯಾದ 'ಕೆ.ಜಿ.ಎಫ್'ನ ಮೊದಲ ಭಾಗ ಈ ಮನೆಗಳಲ್ಲಿ ಮೆಚ್ಚುಗೆ ಪಡೆದದ್ದಕ್ಕೆ ಕಾರಣ ಚಿನ್ನವಲ್ಲ. ತಾಯಿಯನ್ನು ಕಳೆದುಕೊಂಡ ರಾಕಿ ಎಂಬ ಹುಡುಗ ಕೈಯಲ್ಲಿ ಏನೂ ಇಲ್ಲದೆ ಬೊಂಬಾಯಿಗೆ ಬಂದಿಳಿಯುತ್ತಾನೆ. ಅಲ್ಲಿಯವರೆಗೆ ಅದು ಇಲ್ಲಿನ ಅಜ್ಜಂದಿರ ಕಥೆಯೇ. ಆಮೇಲೆ ದಾರಿ ಬೇರೆಯಾಗುತ್ತದೆ. ರಾಕಿ ಬೂಟು ಉಜ್ಜುವಲ್ಲಿಂದ ಶುರುಮಾಡಿ ಬಂದೂಕು ಹಿಡಿದ. ಅಜ್ಜಂದಿರು ಉಡುಪಿ ಹೋಟೆಲುಗಳಲ್ಲಿ ಲೋಟ ತೊಳೆಯುವಲ್ಲಿಂದ ಶುರುಮಾಡಿ, ಸಂಜೆ ಕನ್ನಡ ರಾತ್ರಿಶಾಲೆಯ ಬೆಂಚಿನ ಮೇಲೆ ತೂಕಡಿಸಿ, ಕೊನೆಗೆ ಗಲ್ಲೆ ಹಿಡಿದರು. ಜಗತ್ತನ್ನೇ ಗೆಲ್ಲುತ್ತೇನೆ ಎಂದು ಅವರ್ಯಾರೂ ತಾಯಿಗೆ ಮಾತು ಕೊಟ್ಟಿರಲಿಲ್ಲ. ತಿಂಗಳಿಗೊಂದು ಮನಿಯಾರ್ಡರ್ ಕಳಿಸುತ್ತೇನೆ ಎಂದಿದ್ದರು, ಕಳಿಸಿದರು. ಇದನ್ನು ಯಾರೂ ಸಿನಿಮಾ ಮಾಡಲಿಲ್ಲ ಎಂಬ ಸಣ್ಣ ಮುನಿಸು ಹಿರಿಯರಲ್ಲಿ ಇದ್ದೇ ಇದೆ.

ಅದೇ ಚಿತ್ರದಲ್ಲಿ ಹಸಿದ ತಾಯಿಯ ಕೈಯಿಂದ ಜಾರಿದ ಬನ್ನು ರಸ್ತೆಯಲ್ಲಿ ಬಿದ್ದಿರುತ್ತದೆ. ನಾಯಕ ಬಂದೂಕು ತೋರಿಸಿ ಇಡೀ ಸಂಚಾರ ನಿಲ್ಲಿಸಿ ಅದನ್ನು ಎತ್ತಿಕೊಡುತ್ತಾನೆ. ದೇಶದ ಉಳಿದ ಕಡೆ ಶಿಳ್ಳೆ ಹೊಡೆಸಿದ ಈ ದೃಶ್ಯವನ್ನು ಭಾಂಡುಪಿನವರು ಎಲ್.ಬಿ.ಎಸ್. ಮಾರ್ಗಕ್ಕೆ ಹೋಲಿಸಿ ನೋಡಿದರು. ಸಯನ್‌ನಿಂದ ಠಾಣೆಯವರೆಗಿನ ಆ ರಸ್ತೆಯ ನಡುವೆ ಮೆಟ್ರೊ ನಾಲ್ಕನೇ ಮಾರ್ಗದ ಕಂಬಗಳಿಗಾಗಿ ತಗಡಿನ ತಡೆ ಹಾಕಿದ ಮೇಲೆ ಬನ್ನು ಬಿದ್ದರೆ ಬಂದೂಕಿನ ಅಗತ್ಯವೇ ಇರಲಿಲ್ಲ. ವಾಹನಗಳು ಮೊದಲೇ ನಿಂತಿರುತ್ತಿದ್ದವು. ಬನ್ನು ಎತ್ತಿ, ಚಹಾದಲ್ಲಿ ಅದ್ದಿ ತಿಂದು, ಲೋಟ ವಾಪಸು ಕೊಟ್ಟು ಬರುವಷ್ಟು ಸಮಯ ಸಿಗುತ್ತಿತ್ತು.

ಎರಡನೆಯ ಭಾಗ 2022ರ ಏಪ್ರಿಲ್ 14ರಂದು ಬಂತು. ಅದರಲ್ಲಿ ಪೊಲೀಸ್ ಠಾಣೆಯನ್ನು ಜರಡಿ ಮಾಡುವ ದೈತ್ಯ ಬಂದೂಕಿನ ಹೆಸರು 'ದೊಡ್ಡಮ್ಮ'. ಗುಂಡು ಮುಗಿದ ಮೇಲೆ ಕೆಂಪಗೆ ಕಾದ ಅದರ ನಳಿಕೆಯಲ್ಲಿ ನಾಯಕ ಸಿಗರೇಟು ಹಚ್ಚುತ್ತಾನೆ. ಹೆಸರಿಟ್ಟವರು ಕೂಡುಕುಟುಂಬದಲ್ಲಿ ಬೆಳೆದವರೇ ಇರಬೇಕು. ಮದುವೆ ಮನೆಯಲ್ಲಿ ನಿಜವಾದ ದೊಡ್ಡಮ್ಮ ಬಾಯಿ ತೆರೆದಾಗಲೂ ಇಷ್ಟೇ ವೇಗ, ಇಷ್ಟೇ ಗುರಿ. ತಣ್ಣಗಾಗಲು ಹಿಡಿಯುವ ಹೊತ್ತು ಮಾತ್ರ ಜಾಸ್ತಿ. ಎರಡೂ ಭಾಗಗಳಿಗೆ ಸಾಹಸ ನಿರ್ದೇಶನದ ರಾಷ್ಟ್ರಪ್ರಶಸ್ತಿ ಬಂದದ್ದು ನ್ಯಾಯವೇ. ಆದರೆ ಎರಡನೆಯದರಲ್ಲಿ ಸದ್ದು ಜಾಸ್ತಿ, ಕಥೆ ಕಡಿಮೆ. ಮೊದಲನೆಯದೇ ಮೇಲು.

'ಕಾಂತಾರ'ವನ್ನು ಹೊಡೆದಾಟದ ಸಿನಿಮಾಗಳ ಪಟ್ಟಿಗೆ ಸೇರಿಸುವುದೇ ತಪ್ಪು ಎಂಬ ವಾದ ಕೆಲವು ಮನೆಗಳಲ್ಲಿದೆ. 2022ರ ಸೆಪ್ಟೆಂಬರ್ 30ರಂದು ಕನ್ನಡದಲ್ಲಿ, ಎರಡು ವಾರದ ಬಳಿಕ ಹಿಂದಿಯಲ್ಲಿ ತೆರೆಕಂಡ ಈ ಚಿತ್ರದ ನಟನೆಗೆ ರಿಷಬ್ ಶೆಟ್ಟಿಯವರಿಗೆ ರಾಷ್ಟ್ರಪ್ರಶಸ್ತಿ ಬಂತು. ಕಂಬಳದ ಓಟ, ಕಾಡಿನ ಕಾಳಗ ಎಲ್ಲ ಹೊಡೆದಾಟದ ಲೆಕ್ಕಕ್ಕೆ ಸರಿ. ಕೊನೆಯಲ್ಲಿ ದೈವ ಮೈದುಂಬಿ ಕೂಗು ಹಾಕಿದಾಗ ಮಾತ್ರ ಲೆಕ್ಕ ತಪ್ಪುತ್ತದೆ. ಪಕ್ಕದ ಸೀಟಿನ ಗುಜರಾತಿ ಕುಟುಂಬ ಶಿಳ್ಳೆ ಹೊಡೆಯುತ್ತಿರುವಾಗ ಈ ಸಾಲಿನವರು ಪಾಪ್‌ಕಾರ್ನ್ ಡಬ್ಬ ಕಾಲ ಬಳಿ ಇಟ್ಟು, ಉಪ್ಪಿನ ಕೈಯನ್ನು ಸೀರೆಯ ಸೆರಗಿಗೆ ಒರೆಸಿ, ಕೈಮುಗಿದು ಕೂತಿರುತ್ತಾರೆ. ಹಿಂದಿ ಆವೃತ್ತಿಯಲ್ಲಿ ದೈವ ಹಿಂದಿ ಆಡಿದ್ದು ಕೇಳಿ ಮಕ್ಕಳು ಮುಖ ಮುಖ ನೋಡಿಕೊಂಡರೆ, ಮುಂಬಯಿಗೆ ಬಂದ ಮೇಲೆ ಯಾರಾದರೂ ಕಲಿಯಲೇಬೇಕಲ್ಲ ಎಂದು ಹಿರಿಯರು ಸಮಾಧಾನ ಮಾಡಿಕೊಂಡದ್ದೂ ಉಂಟು.

ಇನ್ನು ಹದಿಹರೆಯದವರ ಕಾದಂಬರಿಗಳು. ಭಾಂಡುಪಿನಲ್ಲಿ ಪುಸ್ತಕದ ಮೊದಲ ಪರೀಕ್ಷೆ ಅದರ ದಪ್ಪ. ರೈಲಿನಲ್ಲಿ ಒಂದು ಕೈಯಲ್ಲಿ ಹಿಡಿಕೆ, ಇನ್ನೊಂದರಲ್ಲಿ ಪುಸ್ತಕ, ಪುಟ ತಿರುವಲು ಹೆಬ್ಬೆರಳು, ಅದೂ ಆಗದಿದ್ದರೆ ಗದ್ದ. ಈ ಪರೀಕ್ಷೆಯಲ್ಲಿ ಹ್ಯಾರಿ ಪಾಟರ್ ಮಾಲೆಯ ಐದನೆಯ ಸಂಪುಟ ಸೋಲುತ್ತದೆ. ಏಳರಲ್ಲೂ ದಪ್ಪನೆಯ ಅದು ಸೀಟು ಹಿಡಿದಿಡಲು ಕರವಸ್ತ್ರಕ್ಕಿಂತ ಉತ್ತಮ, ಅಷ್ಟೆ. ಹಿಂದಿನ ತಲೆಮಾರಿನ ಹುಡುಗರು ಕಿಸೆಯಲ್ಲಿಟ್ಟು ತಿರುಗುತ್ತಿದ್ದ ಎನ್. ನರಸಿಂಹಯ್ಯನವರ ಪತ್ತೇದಾರಿಗಳು ಈ ವಿಷಯದಲ್ಲಿ ಆದರ್ಶ. ನಾಲ್ಕನೇ ತರಗತಿಯವರೆಗೆ ಮಾತ್ರ ಓದಿದ ಅವರು ಐನೂರಕ್ಕೂ ಮಿಕ್ಕಿ ಕಾದಂಬರಿ ಬರೆದರು. ಪದವಿ ಮುಗಿಸಿದ ಮೊಮ್ಮಕ್ಕಳಿಗೆ ಅಜ್ಜಂದಿರು ಇದನ್ನು ಆಗಾಗ ನೆನಪಿಸುವುದುಂಟು.

ಸುಝೇನ್ ಕಾಲಿನ್ಸ್ ಅವರ 'ದಿ ಹಂಗರ್ ಗೇಮ್ಸ್' 2008ರದ್ದು. ಹನ್ನೆರಡು ಜಿಲ್ಲೆಗಳಿಂದ ಇಬ್ಬಿಬ್ಬರಂತೆ ಇಪ್ಪತ್ತನಾಲ್ಕು ಮಕ್ಕಳನ್ನು ಕಣಕ್ಕಿಳಿಸಿ ಒಬ್ಬರು ಉಳಿಯುವ ತನಕ ಕಾದಾಡಿಸುವ ಕಥೆ. ಬೆಳಗಿನ ಲೇಡೀಸ್ ಡಬ್ಬದಲ್ಲಿ ಓಡಾಡುವ ಹುಡುಗಿಯರಿಗೆ ಇದರಲ್ಲಿ ಹೊಸತೇನೂ ಕಾಣುವುದಿಲ್ಲ, ಬಿಲ್ಲುಬಾಣದ ಬದಲು ಅಲ್ಲಿ ಛತ್ರಿ. ಮೊಮ್ಮಗಳು ಈ ಕಥೆಯನ್ನು ಅರ್ಧ ತುಳು ಅರ್ಧ ಹಿಂದಿಯಲ್ಲಿ ಹೇಳುತ್ತಿದ್ದರೆ, ಮಂಚದಲ್ಲಿ ಕೂತು ಬಸಳೆ ಸೋಸುತ್ತಿರುವ ಅಜ್ಜಿ ಕೇಳುವುದು ಒಂದೇ: ಆ ಮಕ್ಕಳಿಗೆ ಊಟ ಹಾಕುವವರು ಯಾರೂ ಇಲ್ಲವಾ? ಕಾದಂಬರಿಯ ಹೆಸರೇ ಹಸಿವಿನದು. ಇಷ್ಟು ನೇರವಾಗಿ ಮರ್ಮ ಮುಟ್ಟಿದ ವಿಮರ್ಶೆ ಬೇರೆ ಸಿಗುವುದು ಕಷ್ಟ.

ಕನ್ನಡದ ಕಡೆ ಬಂದರೆ ತೊಡಕು ಬೇರೆ. ಮೂರನೇ ತಲೆಮಾರಿಗೆ ಮಾತು ಬರುತ್ತದೆ, ಅಕ್ಷರ ಬರುವುದಿಲ್ಲ. ಆದ್ದರಿಂದ ಹಿರಿಯರು ಓದುವುದು, ಕಿರಿಯರು ಕೇಳುವುದು ರೂಢಿ. ನಾ. ಡಿಸೋಜ ಅವರ 'ಮುಳುಗಡೆಯ ಊರಿಗೆ ಬಂದವರು' 2011ರಲ್ಲಿ ಬಾಲಸಾಹಿತ್ಯ ಪುರಸ್ಕಾರ ಪಡೆದ ಕೃತಿ. ಹೆಸರು ಕೇಳಿದ ಕೂಡಲೇ ಮಕ್ಕಳು ಇದು ಜುಲೈ ತಿಂಗಳ ಭಾಂಡುಪಿನ ಕಥೆ ಎಂದುಕೊಂಡರೆ ಆಶ್ಚರ್ಯವಿಲ್ಲ. ನಾಹೂರ್ ಕಡೆಯ ಹಳಿ ನೀರಲ್ಲಿ ಮುಳುಗಿ, ಗಾಡಿಗಳು ನಿಂತು, ಬಂದವರೆಲ್ಲ ಹಳಿಯ ಮೇಲೆ ನಡೆದೇ ಬಂದಿರುತ್ತಾರೆ. ಎಲ್ಲಕ್ಕಿಂತ ಹೆಚ್ಚು ಅಂಕ ಪೂರ್ಣಚಂದ್ರ ತೇಜಸ್ವಿಯವರ 'ಜುಗಾರಿ ಕ್ರಾಸ್'ಗೆ. ಏಲಕ್ಕಿ ಮಾರಲು ಹೊರಟ ಗಂಡಹೆಂಡತಿ ಒಂದೇ ದಿನದಲ್ಲಿ ಕಳ್ಳಸಾಗಣೆಯವರ ನಡುವೆ ಸಿಕ್ಕಿಬೀಳುತ್ತಾರೆ. ಇಬ್ಬರಿಗೂ ಭಯವಾಗುತ್ತದೆ, ಸುಸ್ತಾಗುತ್ತದೆ. ಹೊಡೆದಾಟದ ನಾಯಕರಿಗೆ ಈ ಎರಡೂ ಬರುವುದಿಲ್ಲ, ಅದಕ್ಕೇ ಅವರು ನೆನಪಿನಲ್ಲಿ ಉಳಿಯುವುದು ಕಡಿಮೆ.

ಕೆನೆತ್ ಆಂಡರ್ಸನ್ನನ ಬೇಟೆಯ ಅನುಭವಗಳನ್ನು ತೇಜಸ್ವಿ ಕನ್ನಡಕ್ಕೆ ತಂದ 'ಮುನಿಶಾಮಿ ಮತ್ತು ಮಾಗಡಿ ಚಿರತೆ'ಯನ್ನು ಮಾತ್ರ ಇಲ್ಲಿ ರಾತ್ರಿ ಹೊತ್ತು ಓದುವುದಿಲ್ಲ. ಭಾಂಡುಪಿನ ಪಶ್ಚಿಮದ ಗುಡ್ಡ ಸಂಜಯ ಗಾಂಧಿ ರಾಷ್ಟ್ರೀಯ ಉದ್ಯಾನಕ್ಕೆ ತಾಗಿದೆ. ಅಲ್ಲಿ ಚಿರತೆಗಳಿವೆ, ನಾಯಿ ಹಿಡಿಯಲು ಕೆಳಗಿಳಿಯುತ್ತವೆ. ಬೇಟೆಗಾರರಿಗೆ ಮಚಾನು, ರೈಫಲ್ಲು ಇರುತ್ತಿದ್ದವು. ಸೊಸೈಟಿಯ ವಾಚ್‌ಮನ್ನಿಗೆ ಇರುವುದು ಪ್ಲಾಸ್ಟಿಕ್ ಕುರ್ಚಿ ಮತ್ತು ಒಂದು ಪೀಪಿ. ಹಾಗೆ ಚಿರತೆ ಇಳಿದು ಬಂದದ್ದು ಸಿ.ಸಿ.ಟಿ.ವಿ.ಯಲ್ಲಿ ಸೆರೆಯಾದರೆ ಬೆಳಗಾಗುವಷ್ಟರಲ್ಲಿ ಎಲ್ಲರ ಮೊಬೈಲಿಗೂ ಬಂದಿರುತ್ತದೆ. ಗೇಟಿನ ಕೆಳಗಿಂದ ನುಸುಳಿದ ನೆರಳು ಸ್ಕೂಟರಿನ ಚಕ್ರ ಮೂಸಿ, ಕ್ಯಾಮೆರಾದ ಕಡೆ ಒಮ್ಮೆ ನೋಡಿ, ಬಂದ ದಾರಿಯಲ್ಲೇ ಹೋಗುತ್ತದೆ. ಅಜ್ಜ ಕನ್ನಡಕ ಹಾಕಿಕೊಂಡು ಎರಡು ಸಲ ನೋಡಿ ಫೋನು ಹಿಂದಿರುಗಿಸುತ್ತಾರೆ. ಫೈಟ್ ಇಲ್ಲ, ಎಂಟ್ರಿ ಚೆನ್ನಾಗಿದೆ.