ಗಾಡಿಯ ಮೇಲೊಂದು ಅರವಟ್ಟಿಗೆ

ಮೋಟಾರು ಸೈಕಲ್ಲು ತನ್ನ ಒಡಲಿನಲ್ಲಿ ಒಂದು ಪುಟ್ಟ ವಿದ್ಯುದಾಗಾರವನ್ನೇ ಹೊತ್ತು ತಿರುಗುತ್ತಿರುತ್ತದೆಂಬ ಸಂಗತಿ, ವರ್ಷಾನುಗಟ್ಟಲೆ ಅದರ ಬೆನ್ನೇರಿ ಹೊಸಪೇಟೆಯಿಂದ ಹಂಪಿಗೂ ಸಂಡೂರಿಗೂ ಕಂಪ್ಲಿಗೂ ಓಡಾಡಿದ ನನ್ನಂಥವರ ಲಕ್ಷ್ಯಕ್ಕೆ ಬಾರದೆ ಇದ್ದುದಕ್ಕೆ ಕಾರಣ, ಆ ವಿದ್ಯುತ್ತೆಲ್ಲ ದೀಪಕ್ಕೂ ಹಾರನ್ನಿಗೂ ಎಂಜಿನ್ನಿನೊಳಗಣ ಕಿಡಿಗೂ ವಿನಿಯೋಗವಾಗಿ ಸವಾರನ ಪಾಲಿಗೆಂದು ಏನೂ ಉಳಿಯುವುದಿಲ್ಲವೆಂಬ ನಮ್ಮ ಭಾವನೆಯೇ ಇರಬೇಕು. ಕೈಗೊಂದು ಫೋನು ಬಂದು, ಅದು ಮೊದಲು ಮಾತಿಗೂ, ತರುವಾಯ ದಾರಿ ತೋರಿಸುವುದಕ್ಕೂ, ಕಟ್ಟಕಡೆಗೆ ಚಹದಂಗಡಿಯಲ್ಲಿ ಹತ್ತು ರೂಪಾಯಿ ಸಲ್ಲಿಸುವುದಕ್ಕೂ ಅನಿವಾರ್ಯವಾದ ಮೇಲೆ, ಅದರ ಪ್ರಾಣವು ನಡುಹಗಲಿನಲ್ಲಿಯೇ ಕಂಠಗತವಾಗುವ ದುರವಸ್ಥೆ ಪದೇ ಪದೇ ಒದಗಿದಾಗ ಮಾತ್ರ, ಕಾಲ ಕೆಳಗೆ ಗುಡುಗುಡಿಸುತ್ತಿರುವ ಈ ಗುಪ್ತಧನದ ಕಡೆಗೆ ಸವಾರನ ದೃಷ್ಟಿ ಹೊರಳಿತು. ಹ್ಯಾಂಡಲ್ಲಿನ ಮಗ್ಗುಲಿಗೆ ರಬ್ಬರಿನ ಮುಚ್ಚಳವುಳ್ಳ ಸಣ್ಣ ಸಾಕೆಟ್ಟೊಂದನ್ನು ಕೂರಿಸಿ, ಬ್ಯಾಟರಿಯ 12 ವೋಲ್ಟನ್ನು 5 ವೋಲ್ಟಿಗೆ ಇಳಿಸಿ ಫೋನಿಗೆ ಉಣಿಸತಕ್ಕ ವಿದ್ಯೆ ಈಗ ಗಲ್ಲಿಗಲ್ಲಿಯ ಗ್ಯಾರೇಜಿನವರಿಗೂ ಕರತಲಾಮಲಕವಾಗಿದೆ.

ಇದೊಂದು ವಿಲಾಸವಸ್ತುವೆಂದು ಮೂಗು ಮುರಿಯುವ ಹಿರಿಯರು ನಮ್ಮಲ್ಲಿ ಇಲ್ಲದಿಲ್ಲ. ಅವರ ವಾದಕ್ಕೆ ಇತಿಹಾಸದ ಬೆಂಬಲವೂ ಉಂಟು. ಕೃಷ್ಣದೇವರಾಯನ ಕಾಲದಲ್ಲಿ ಪೋರ್ಚುಗಲ್ಲಿನಿಂದ ಬಂದ ಡೊಮಿಂಗೊ ಪಾಯೆಸ್ಸನು ಯಾವ ಚಾರ್ಜರಿನ ಹಂಗೂ ಇಲ್ಲದೆ ವಿಜಯನಗರವನ್ನು ಸುತ್ತಿ ನೋಡಿ ಪುಟಗಟ್ಟಲೆ ಬರೆದಿಟ್ಟನು. 1799ರಲ್ಲಿ ಕಾಲಿನ್ ಮೆಕೆಂಜಿ ಹಂಪಿಯ ನಕ್ಷೆಯನ್ನು ಸಿದ್ಧಪಡಿಸಿದಾಗ ಆಕಾಶದಿಂದ ಯಾವ ಉಪಗ್ರಹವೂ ಆತನಿಗೆ ದಾರಿ ಹೇಳುತ್ತಿರಲಿಲ್ಲ. 1856ರಲ್ಲಿ ಅಲೆಕ್ಸಾಂಡರ್ ಗ್ರೀನ್‌ಲಾ ಎಂಬಾತನು ಮೇಣ ಹಚ್ಚಿದ ದೊಡ್ಡ ದೊಡ್ಡ ಕಾಗದಗಳ ಮೇಲೆ ಇಲ್ಲಿಯ ಗೋಪುರಮಂಟಪಗಳ ಛಾಯಾಚಿತ್ರವನ್ನು ಹಿಡಿದುಕೊಂಡು ಹೋದನು. ಅಷ್ಟೇಕೆ, ವಿರೂಪಾಕ್ಷನ ಗುಡಿಯ ಹಿಂಬದಿಯ ಕತ್ತಲೆಯ ಕೋಣೆಯಲ್ಲಿ, ಗೋಡೆಯ ಒಂದು ಕಿಂಡಿಯ ಮೂಲಕ ಒಳನುಗ್ಗುವ ಬೆಳಕು ಹೊರಗಣ ಮಹಾಗೋಪುರವನ್ನು ತಲೆಕೆಳಗಾಗಿ ಚಿತ್ರಿಸಿ ತೋರಿಸುವ ಕೆಲಸವನ್ನು ಶತಮಾನಗಳಿಂದ ಬ್ಯಾಟರಿಯಿಲ್ಲದೆಯೇ ನಿರ್ವಹಿಸುತ್ತಿದೆ. ಇದನ್ನೆಲ್ಲ ನಾನು ವಿನಯದಿಂದ ಒಪ್ಪುತ್ತೇನೆ. ಆದರೆ ಪಾಯೆಸ್ಸನಿಗೂ ಮೆಕೆಂಜಿಗೂ, ಬರುವಾಗ ಕಮಲಾಪುರದಲ್ಲಿ ಬಾಳೆಹಣ್ಣು ಹಿಡಿದುಕೊಂಡು ಬನ್ನಿರೆಂದು ಮನೆಯಿಂದ ಅರ್ಧ ಗಂಟೆಗೊಮ್ಮೆ ಕರೆ ಬರುತ್ತಿರಲಿಲ್ಲವೆಂಬುದನ್ನೂ ಅವರು ಒಪ್ಪಬೇಕು.

ಹಿಂದಿನ ಮೋಟಾರು ಸೈಕಲ್ಲುಗಳಲ್ಲಿ ಈ ಆಸೆಗೆ ಆಸ್ಪದವೇ ಇರಲಿಲ್ಲ. ನಮ್ಮ ಸೋದರಮಾವನವರಲ್ಲಿ ಒಂದು ಯೆಜ್ಡಿ ಇದ್ದಿತು. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1961ರಿಂದ 1996ರವರೆಗೆ ಹಡೆದ ಸಂತಾನಗಳಲ್ಲಿ ಅದೂ ಒಂದು. ಅದರದು 6 ವೋಲ್ಟಿನ ಸಂಸಾರ. ರಾತ್ರಿ ಅದರ ದೀಪವು ಎಂಜಿನ್ನಿನ ವೇಗವನ್ನನುಸರಿಸಿ ಪ್ರಕಾಶಿಸುತ್ತಿದ್ದುದರಿಂದ, ಎದುರಿಗೆ ಗುಂಡಿಯಿದೆಯೋ ಎಂದು ನೋಡಬೇಕಾದರೆ ವೇಗವನ್ನು ಹೆಚ್ಚಿಸಬೇಕಾಗುತ್ತಿತ್ತು. ಹೆಚ್ಚಿಸಿದಾಗ ಗುಂಡಿ ಕಾಣುತ್ತಿದ್ದುದು ನಿಜ, ಆದರೆ ಅಷ್ಟು ಹೊತ್ತಿಗೆ ನಾವು ಅದರೊಳಗೇ ಇರುತ್ತಿದ್ದೆವು. ತನ್ನ ದಾರಿಯನ್ನು ತಾನೇ ಕಾಣಲಾರದಷ್ಟು ದರಿದ್ರವಾದ ಆ ವಾಹನದ ಮುಂದೆ ಕೈಚಾಚಿ ವಿದ್ಯುದ್ದಾನ ಬೇಡುವ ಧೈರ್ಯ ಯಾರಿಗೆ ಬಂದೀತು?

ಈಗಿನ ಗಾಡಿ 12 ವೋಲ್ಟಿನದು; ಸ್ಥಿತಿವಂತವಾದುದು. ಆದರೂ ಅದರ ಸಿರಿಗೆ ಒಂದು ಮಿತಿಯುಂಟೆಂಬುದನ್ನು ನನಗೆ ಮನಗಾಣಿಸಿದವನು ಹೊಸಪೇಟೆಯ ನಮ್ಮ ಗ್ಯಾರೇಜಿನ ಮೇಸ್ತ್ರಿ. ಸಾಕೆಟ್ಟಿನ ಎರಡು ವೈರುಗಳನ್ನು ಬ್ಯಾಟರಿಯ ಎರಡು ಕೊನೆಗಳಿಗೆ ಬಿಗಿದರೆ ಕಾರ್ಯ ಮುಗಿಯಿತೆಂದು ನಾನು ನಿರ್ಧಾರದ ಧ್ವನಿಯಲ್ಲಿ ಹೇಳಿದಾಗ, ಅವನು ಬಾಯಲ್ಲಿದ್ದ ಸ್ಕ್ರೂ ಒಂದನ್ನು ತೆಗೆದು ಅಂಗೈಯಲ್ಲಿಟ್ಟುಕೊಂಡು, “ಡೈರೆಕ್ಟ್ ಕೊಟ್ರೆ ಕೀ ತೆಗೆದ್ರೂ ಕರೆಂಟ್ ಹರೀತಾನೇ ಇರ್ತೈತ್ರಿ ಸರ. ಗಾಡಿ ನಿಲ್ಸಿ ಊರಿಗೆ ಹೋಗ್ತೀರಿ, ಬಂದ್ಮೇಲೆ ತಳ್ಳಾಕ ನನ್ನ ಕರೀತೀರಿ,” ಎಂದನು. ಆ ಮಾತಿನಲ್ಲಿ ಗಣಿತವಿದ್ದಿತು. ವೋಲ್ಟನ್ನು ಇಳಿಸುವ ಆ ಪುಟ್ಟ ಯಂತ್ರ, ಅದರ ಮೈಮೇಲೆ ಮಿನುಗುವ ನೀಲಿ ದೀಪ ಇವೆರಡೂ ಸೇರಿ, ಯಾವ ಫೋನನ್ನೂ ಸಿಕ್ಕಿಸದೆ ಇರುವಾಗಲೂ 20 ಮಿಲಿ ಆಂಪಿಯರಿನಷ್ಟನ್ನು ಹೀರುತ್ತಿವೆಯೆಂದು ಇಟ್ಟುಕೊಂಡರೆ, 4 ಆಂಪಿಯರ್-ಅವರಿನ ಸಣ್ಣ ಬ್ಯಾಟರಿಯೊಂದು ಎಂಟೊಂಬತ್ತು ದಿನಗಳಲ್ಲಿ ಬರಿದಾಗುತ್ತದೆ. ಈಚಿನ ಎಷ್ಟೋ ಗಾಡಿಗಳಿಗೆ ಕಿಕ್ಕರನ್ನೇ ಕೊಡದಿರುವ ಕಾರಣ, ಆ ಮೇಲೆ ಉಳಿಯುವುದು ತಳ್ಳುವ ಮಾರ್ಗವೊಂದೇ. ಆದ್ದರಿಂದ ಅವನು ಹೆಡ್‌ಲೈಟನ್ನು ಬಿಚ್ಚಿ, ಅದರ ಹಿಂದೆ ಸಿಕ್ಕುಸಿಕ್ಕಾಗಿ ಹೆಣೆದುಕೊಂಡಿದ್ದ ವೈರುಗಳಲ್ಲಿ, ಕೀ ತಿರುಗಿಸಿದಾಗ ಮಾತ್ರ ಜೀವ ಬರತಕ್ಕ ಒಂದನ್ನು ಟೆಸ್ಟರ್ ದೀಪದಿಂದ ಮುಟ್ಟಿ ಮುಟ್ಟಿ ಗುರುತಿಸಿ, ನಡುವೆ ಒಂದು ಫ್ಯೂಸು ಇಟ್ಟು, ಟೇಪು ಸುತ್ತಿ, ಮತ್ತೊಂದು ತುದಿಯನ್ನು ಚಾಸಿಗೆ ಅರ್ಥ್ ಮಾಡಿ ಮುಗಿಸಿದನು. ಫ್ಯೂಸು ಏತಕ್ಕೆಂದು ಕೇಳಿದ್ದಕ್ಕೆ, “ಸುಡೋದಿದ್ರೆ ಐದು ರೂಪಾಯಿದು ಸುಡ್ಲಿ ಅಂತ್ರಿ,” ಎಂದು ಉತ್ತರಿಸಿದನು. ವಿದ್ಯುಚ್ಛಾಸ್ತ್ರದ ಗ್ರಂಥಗಳಲ್ಲಿ ಈ ವಿಷಯ ಇಷ್ಟು ಸಂಕ್ಷೇಪವಾಗಿ ನಿರೂಪಿತವಾದುದನ್ನು ನಾನು ಓದಿಲ್ಲ.

ಮನೆಗೆ ಬಂದು ಕಾಗದ ಪೆನ್ಸಿಲು ಹಿಡಿದು ಲೆಕ್ಕ ಹಾಕಲು ಕುಳಿತೆ. ಲೆಕ್ಕ ಹಾಕುವುದು ನಿವೃತ್ತಿಯ ತರುವಾಯ ನನಗೆ ಅಂಟಿದ ವ್ಯಸನ. 5000 ಮಿಲಿ ಆಂಪಿಯರ್-ಅವರಿನ ಫೋನೊಂದು ಪೂರ್ತಿ ತುಂಬಲು ಹೆಚ್ಚುಕಡಿಮೆ 19 ವಾಟ್-ಅವರಿನ ಶಕ್ತಿ ಬೇಕು. ಒಂದು ಲೀಟರು ಪೆಟ್ರೋಲಿನಲ್ಲಿ ಸುಮಾರು 9 ಯೂನಿಟ್ಟಿನಷ್ಟು ಶಕ್ತಿ ಅಡಗಿದ್ದರೂ, ಎಂಜಿನ್ನು ಅದರಲ್ಲಿ ಮುಕ್ಕಾಲನ್ನು ಶಾಖವಾಗಿ ಗಾಳಿಗೆ ಬಿಡುತ್ತದೆ. ಉಳಿದುದರಲ್ಲಿ ವಿದ್ಯುತ್ತನ್ನು ಹುಟ್ಟಿಸುವ ಕಾಯಿಲ್ಲು ಅರ್ಧವನ್ನು ನುಂಗುತ್ತದೆ. ವೋಲ್ಟಿಳಿಸುವ ಯಂತ್ರವೂ ತನ್ನ ಮಾಮೂಲನ್ನು ಮುರಿದುಕೊಂಡೇ ಕಡತವನ್ನು ಮುಂದಕ್ಕೆ ಕಳುಹಿಸುತ್ತದೆ. ಹೀಗೆ ಎಲ್ಲರ ಕೈ ದಾಟಿ ಬರಬೇಕಾದರೆ, ಒಂದು ಫೋನಿಗೆ 20 ಮಿಲಿಲೀಟರಿನಷ್ಟು, ಎಂದರೆ ಮಕ್ಕಳಿಗೆ ಔಷಧ ಕುಡಿಸುವ ಚಮಚದಲ್ಲಿ ನಾಲ್ಕು ಚಮಚ ಪೆಟ್ರೋಲು ಬೇಕಾಯಿತು. ಬೆಲೆ ಸುಮಾರು ಎರಡು ರೂಪಾಯಿ. ಅದೇ ಕೆಲಸವನ್ನು ಮನೆಯ ಗೋಡೆಯ ಪ್ಲಗ್ಗು ಕೆಲವು ಪೈಸೆಗಳಲ್ಲಿ ಮಾಡಿಕೊಡುತ್ತದೆ. 1953ರಲ್ಲಿ ಹೊಳೆಯನ್ನು ತಡೆದು ನಿಂತ ತುಂಗಭದ್ರಾ ಅಣೆಕಟ್ಟು ನಮ್ಮ ಊರಿನ ತಲೆಬಾಗಿಲಿನಲ್ಲಿಯೇ ಇದೆ. ಅದರ ಬುಡದಲ್ಲೊಂದು, ಹಂಪಿಯ ಹೆಸರಿನಲ್ಲಿ ಕಾಲುವೆಯ ಮೇಲೆ ಇನ್ನೊಂದು, ಹೀಗೆ ತಲಾ 36 ಮೆಗಾವಾಟಿನ ಎರಡು ವಿದ್ಯುದಾಗಾರಗಳು ಬಲದಂಡೆಯಲ್ಲಿಯೇ ಇವೆ. ಇಂಥ ಐಶ್ವರ್ಯದ ನೆರೆಯಲ್ಲಿದ್ದುಕೊಂಡು, ಅರೇಬಿಯದ ಎಣ್ಣೆಯನ್ನು ಚಮಚದಲ್ಲಿ ಅಳೆದು ಸುಟ್ಟು ಫೋನಿಗೆ ಜೀವ ತುಂಬುವ ಗೃಹಸ್ಥನನ್ನು ಕಂಡು ತುಂಗಭದ್ರೆ ಏನೆಂದುಕೊಳ್ಳುವಳೋ!

ಹಾಗಾದರೂ ವೆಚ್ಚದ ವಿಷಯ ಗೌಣವೇ ಸರಿ. ನನ್ನ ಜೀವನಕ್ರಮವನ್ನು ಬದಲಿಸಿದ್ದು ಬೇರೊಂದು ಪರಿಣಾಮ. ಹಿಂದಿನ ಕಾಲದ ಪುಣ್ಯಾರ್ಥಿಗಳು ಬೇಸಗೆಯ ದಾರಿಗಳಲ್ಲಿ ಅರವಟ್ಟಿಗೆಗಳನ್ನಿಟ್ಟು, ಅವು ನಡೆಯಲೆಂದು ಭೂಮಿಯನ್ನು ದತ್ತಿ ಬಿಟ್ಟು, ಆ ವಿಷಯವನ್ನು ಕಲ್ಲಿನಲ್ಲಿ ಬರೆಸುತ್ತಿದ್ದರು. ನಾನು ಯಾವ ಸಂಕಲ್ಪವನ್ನೂ ಮಾಡಲಿಲ್ಲ, ಶಾಸನವನ್ನೂ ಹಾಕಿಸಲಿಲ್ಲ. ಆದರೂ ಹ್ಯಾಂಡಲ್ಲಿನ ಮೇಲೆ ನೀಲಿ ದೀಪ ಮಿನುಗತೊಡಗಿದಂದಿನಿಂದ ನನ್ನ ಗಾಡಿ ಒಂದು ಅರವಟ್ಟಿಗೆಯಾಯಿತು. ಪೆಟ್ರೋಲು ಕೇಳಲು ನಾಚುವ ಮನುಷ್ಯ ಚಾರ್ಜು ಕೇಳಲು ನಾಚುವುದಿಲ್ಲ. ಅದು ಕಣ್ಣಿಗೆ ಕಾಣದ ವಸ್ತುವಾದ್ದರಿಂದ ಕೊಟ್ಟವನಿಗೆ ಏನೂ ಕಡಿಮೆಯಾಗುವುದಿಲ್ಲವೆಂಬ ದೃಢವಿಶ್ವಾಸ ಎಲ್ಲರಲ್ಲಿಯೂ ಇದೆ.

ತಳವಾರಘಟ್ಟದಲ್ಲಿ ನಡೆದುದನ್ನೇ ತೆಗೆದುಕೊಳ್ಳಿ. ನೆಂಟರ ಮಕ್ಕಳಿಬ್ಬರಿಗೆ ವಿಠ್ಠಲ ದೇವಸ್ಥಾನದ ಕಲ್ಲಿನ ರಥವನ್ನು ತೋರಿಸುವ ಉದ್ದೇಶದಿಂದ ಹೊರಟವನು, ಹೊಳೆಯನ್ನೂ ಒಂದು ಸಲ ನೋಡಿಬಿಡೋಣವೆಂದು ಘಟ್ಟಕ್ಕೆ ಇಳಿದಾಗ, ಹರಿಗೋಲಿನವನೊಬ್ಬ ಸತ್ತ ಫೋನನ್ನು ಕೈಯಲ್ಲಿ ಹಿಡಿದುಕೊಂಡು ನಿಂತಿದ್ದನು. ಪ್ರವಾಸಿಗಳು ಕ್ಯೂಆರ್ ಕೋಡಿಗೆ ಹಣ ಕಳುಹಿಸಿದೆವೆನ್ನುತ್ತಿದ್ದರು. ಬಂದುದು ಗೊತ್ತಾಗಬೇಕಾದರೆ ಫೋನು ಎಚ್ಚರಾಗಬೇಕು. “ಹತ್ತು ಪರ್ಸೆಂಟ್ ಆಗ್ಲಿ, ಸಾಕ್ರಿ ಸರ,” ಎಂದನು. ಯಾಚನೆ ನ್ಯಾಯವಾದುದಾಗಿತ್ತು. ಆದರೆ ಇಲ್ಲಿ ನನ್ನ ಮೇಸ್ತ್ರಿಯ ವಿವೇಕವೇ ನನಗೆ ಬಂಧನವಾಯಿತು. ಕೀ ತಿರುಗಿಸಿದ ಹೊರತು ಸಾಕೆಟ್ಟಿಗೆ ವಿದ್ಯುತ್ತಿಲ್ಲ, ಕೀಯನ್ನು ಗಾಡಿಯಲ್ಲಿಯೇ ಬಿಟ್ಟು ಹೋಗುವಂತಿಲ್ಲ. ಅರವಟ್ಟಿಗೆಯವನಾದರೋ ಹಂಡೆಯ ಬಾಯಿಗೆ ತಟ್ಟೆ ಮುಚ್ಚಿ ಅತ್ತಿತ್ತ ಹೋಗಿ ಬರಬಹುದು. ವಿದ್ಯುದ್ದಾನಿಗೆ ಆ ಸ್ವಾತಂತ್ರ್ಯವೂ ಇಲ್ಲ. ಮಕ್ಕಳು ಸ್ವಂತ ವಾಹನಗಳಿಗೆ ಪ್ರವೇಶವಿಲ್ಲದ ಆ ದಾರಿಯಲ್ಲಿ ಬ್ಯಾಟರಿ ವಾಹನವನ್ನೇರಿ ಕಲ್ಲಿನ ರಥವನ್ನು ನೋಡಿ ಬಂದರು; ನಾನು ಪೆಟ್ರೋಲಿನ ಗಾಡಿಯ ಪಕ್ಕದಲ್ಲಿ ಬ್ಯಾಟರಿಯನ್ನು ಹಂಚುತ್ತ, ಹತ್ತು ಪರ್ಸೆಂಟು ಹದಿನೆಂಟಾಗುವವರೆಗೂ ಬಿಸಿಲಿನಲ್ಲಿ ಕಾವಲು ನಿಂತೆ. ಅವನು ಬಂದು ಕೈಮುಗಿದು, ತನ್ನ ತಮ್ಮನದೂ ಒಂದು ಫೋನಿದೆಯೆಂದು ತಿಳಿಸಿದನು.

ಬಿಸಿಲಿನ ಮಾತು ಬಂದುದರಿಂದ ಹೇಳತಕ್ಕದ್ದೇನೆಂದರೆ, ಈ ಏರ್ಪಾಡು ಬೇಕಾದ ಹೊತ್ತಿಗೇ ಮುಷ್ಕರ ಹೂಡುವುದೂ ಉಂಟು. ಲಿಥಿಯಂ ಬ್ಯಾಟರಿಗಳು ಸಾಮಾನ್ಯವಾಗಿ 45 ಡಿಗ್ರಿಯ ಶಾಖವನ್ನು ದಾಟಿದರೆ ಚಾರ್ಜನ್ನು ಸ್ವೀಕರಿಸಬಾರದೆಂಬ ನಿಯಮವಿದೆ. ಏಪ್ರಿಲಿನ ನಮ್ಮ ಹವೆ 40ರ ನೆರೆಯಲ್ಲಿರುವಾಗ, ಹ್ಯಾಂಡಲ್ಲಿನ ಮೇಲೆ ಸೂರ್ಯನಿಗೆ ಮೈಯೊಡ್ಡಿದ ಕರಿಯ ಫೋನು ಆ ಗಡಿಯನ್ನು ಕಮಲಾಪುರದೊಳಗಾಗಿಯೇ ದಾಟುತ್ತದೆ. ತಾನು ತಣ್ಣಗಾದ ಮೇಲೆ ಉಣ್ಣುವೆನೆಂದು ಪರದೆಯ ಮೇಲೆ ಬರೆದು ಸುಮ್ಮನಾಗುತ್ತದೆ. ಎಂಜಿನ್ನಿನ ನಡುಕವು ಕ್ಯಾಮರಾದ ಸೂಕ್ಷ್ಮ ಅವಯವಗಳಿಗೆ ಹಾನಿಯೆಂದು 2021ರಲ್ಲಿ ಆಪಲ್ ಕಂಪನಿ ಎಚ್ಚರಿಸಿದ ಮೇಲಂತೂ, ನನ್ನ ಮಗನ ಆಜ್ಞೆಯ ಪ್ರಕಾರ ಫೋನು ಅಂಗಿಯ ಜೇಬಿಗೆ ವಾಸ್ತವ್ಯ ಬದಲಿಸಿದೆ. ವೈರು ಜೇಬಿನಿಂದ ಹ್ಯಾಂಡಲ್ಲಿಗೆ ಹರಿದಿರುವುದರಿಂದ, ಇಳಿಯುವಾಗಲೆಲ್ಲ ಗಾಡಿ ನನ್ನನ್ನು ಹೋಗಬೇಡವೆಂದು ಜಗ್ಗುತ್ತದೆ.

ಸಂಡೂರಿನ ಕಡೆಯ ತೊಡಕು ಬೇರೆ ಬಗೆಯದು. ಬೆಟ್ಟಗಳ ಸಂದಿಯಲ್ಲಿ ಟವರು ಸಿಕ್ಕದೆ ಫೋನು ತನ್ನ ಕೂಗನ್ನು ಏರಿಸುತ್ತ ಏರಿಸುತ್ತ ಬ್ಯಾಟರಿಯನ್ನು ಬರಿದುಮಾಡಿಕೊಳ್ಳುತ್ತದೆ. ಅದಿರಿನ ಲಾರಿಗಳ ಕೆಂಧೂಳು ರಬ್ಬರಿನ ಮುಚ್ಚಳವನ್ನೂ ಲೆಕ್ಕಿಸದೆ ಸಾಕೆಟ್ಟಿನ ಒಳಹೊಕ್ಕು ನೆಲೆಸುತ್ತದೆ. ಕುಮಾರಸ್ವಾಮಿಯ ದರ್ಶನ ಮುಗಿಸಿ ಇಳಿದು ಬರುತ್ತಿದ್ದಾಗ, ಕುರಿ ಕಾಯುತ್ತಿದ್ದ ಮುದುಕನೊಬ್ಬ ಕೈಯಡ್ಡ ಹಿಡಿದು ನಿಲ್ಲಿಸಿ, ಒತ್ತುಗುಂಡಿಗಳ ತನ್ನ ಹಳೆಯ ಫೋನನ್ನು ಮುಂದೆ ಹಿಡಿದನು. ಅದಕ್ಕೆ ಬೇಕಾದುದು ಸೂಜಿಯಂತಹ ಸಣ್ಣ ಪಿನ್ನು. ನನ್ನಲ್ಲಿದ್ದುದು ಇಂದಿನ ಚಪ್ಪಟೆಯ ಪಿನ್ನು. ಆತನು ಗಾಡಿಯನ್ನು ಮುಂಗಾಲಿಯಿಂದ ಹಿಂಗಾಲಿಯವರೆಗೆ ಸಾವಕಾಶವಾಗಿ ಪರಿಶೀಲಿಸಿ, “ಇಷ್ಟು ದೊಡ್ಡ ಗಾಡಿ ಇಟ್ಟೀಯಪ್ಪ, ಒಂದು ಸಣ್ಣ ಪಿನ್ ಇಲ್ಲೇನು?” ಎಂದನು. ಆ ವಾರವೇ ಸಣ್ಣ ಪಿನ್ನಿನ ವೈರನ್ನು ಕೊಂಡೆ.

ಇನ್ನು ಕಂಪ್ಲಿ. ಅಣೆಕಟ್ಟಿನ ಗೇಟುಗಳನ್ನು ಎತ್ತಿ ಹೊಳೆಗೆ ಭಾರಿ ನೀರು ಬಿಟ್ಟಾಗಲೆಲ್ಲ ಗಂಗಾವತಿಗೆ ಹೋಗುವ ಸೇತುವೆ ಮುಳುಗುವುದೂ, ಪೊಲೀಸರು ಅಡ್ಡಗಟ್ಟುವುದೂ, ಅದನ್ನು ನೋಡಲು ಊರಿಗೆ ಊರೇ ದಂಡೆಗೆ ನೆರೆಯುವುದೂ ಅಲ್ಲಿಯ ವಾಡಿಕೆ. ಬುಕ್ಕಸಾಗರದ ಮೇಲಾಗಿ ಕಡೇಬಾಗಿಲಿನ ಸೇತುವೆಯನ್ನು ಹಿಡಿದು ಸುತ್ತಿಕೊಂಡು ಹೋಗಬೇಕಾಗಿದ್ದ ನಾನು, ಅದಕ್ಕೆ ಮೊದಲು ಪ್ರವಾಹವನ್ನೊಮ್ಮೆ ನೋಡುವ ಆಸೆಯಿಂದ ನಿಂತದ್ದೇ ತಡ, ಬೆಂಗಳೂರಿನಲ್ಲಿರುವ ಅಣ್ಣನಿಗೆ ವಿಡಿಯೋ ಕರೆಯಲ್ಲಿ ಹೊಳೆಯನ್ನು ತೋರಿಸುತ್ತಿದ್ದ ತರುಣನೊಬ್ಬ ನನ್ನ ಸಾಕೆಟ್ಟಿಗೆ ತನ್ನನ್ನು ಜೋಡಿಸಿಕೊಂಡನು. ಅವನ ವೈರು ಮೊಳದುದ್ದದ್ದು. ಅಣ್ಣನು ಬೆಂಗಳೂರಿನಿಂದ ಅತ್ತ ತೋರಿಸು ಇತ್ತ ತೋರಿಸು ಎಂದು ಅಪ್ಪಣೆ ಕೊಡಿಸುತ್ತಿದ್ದಂತೆ, ತಮ್ಮನು ನನ್ನ ಕಡೆಗೆ ತಿರುಗಿ, “ಗಾಡಿ ಸ್ವಲ್ಪ ಬಲಕ್ಕ ಹೊಳ್ಳಿಸ್ರಿ ಸರ, ಸೇತುವೆ ಕಾಣವಲ್ದು,” ಎಂದನು. ನಾನು ಹೊಳ್ಳಿಸಿದೆ. ಸೇತುವೆ ಕಂಡಿತೆಂದು ಬೆಂಗಳೂರಿನಿಂದ ಸಂತೋಷದ ಕೂಗು ಕೇಳಿಸಿತು. ಕುಮಾರರಾಮನ ಶೌರ್ಯವನ್ನು ಕಂಡ ಊರಿನಲ್ಲಿ ಇಷ್ಟಾದರೂ ಸೇವೆ ಸಲ್ಲಿಸಿದೆನೆಂದು ಸಮಾಧಾನ ತಂದುಕೊಳ್ಳುತ್ತಿರುವಾಗಲೇ ಗಾಡಿಯ ಹಿಂದೆ ಒಂದು ಸರದಿಯ ಸಾಲು ಬೆಳೆದಿತ್ತು.

ಸೀಟಿನ ಕೆಳಗಣ ಪೆಟ್ಟಿಗೆಯಲ್ಲಿ ಈಗ ಚಪ್ಪಟೆ ಪಿನ್ನು, ಅಗಲ ಪಿನ್ನು, ಸಣ್ಣ ಪಿನ್ನುಗಳ ವೈರುಗಳು ಸುರುಳಿ ಸುತ್ತಿಕೊಂಡು ಕುಳಿತಿರುವ ಕಾರಣ, ಗಾಡಿಯ ಜೊತೆಯಲ್ಲಿಯೇ ಬಂದಿದ್ದ ಸ್ಪ್ಯಾನರುಗಳು ಮನೆಯ ಅಟ್ಟವನ್ನು ಸೇರಿವೆ. ಇದನ್ನೆಲ್ಲ ಮೌನವಾಗಿ ನೋಡುತ್ತಿದ್ದ ನನ್ನ ಹೆಂಡತಿ ಮೊನ್ನೆ, “ಊರವರಿಗೆಲ್ಲ ಕರೆಂಟ್ ಕೊಡ್ತೀರಿ, ಹಿಂದೆ ಕೂತವಳ ಫೋನಿಗೆ ನಿಮ್ಮ ವೈರು ಮುಟ್ಟಂಗಿಲ್ಲ,” ಎಂದಳು. ಹಿಂದಿನ ಸೀಟಿಗೂ ಒಂದು ಸಾಕೆಟ್ಟನ್ನು ಕೂರಿಸಬಹುದೇ ಎಂದು ಮೇಸ್ತ್ರಿಯನ್ನು ವಿಚಾರಿಸಿದ್ದೇನೆ. ಬೇರೆ ಫ್ಯೂಸು ಹಾಕಬೇಕಾಗುತ್ತದೆಂದೂ, ಅಮಾವಾಸ್ಯೆಯ ಪೂಜೆ ಮುಗಿದ ಮೇಲೆ ಗಾಡಿಯನ್ನು ತರಬೇಕೆಂದೂ ಹೇಳಿ, ತನ್ನ ಫೋನನ್ನು ನನ್ನ ಹ್ಯಾಂಡಲ್ಲಿಗೆ ಸಿಕ್ಕಿಸಿ ಚಹಕ್ಕೆ ಹೋದನು.