ಉಗುಳಬಾರದ ಒಂದು ದಿನ

ಕಾಶಿಯ ಗಲ್ಲಿಗಳಲ್ಲಿ ಪಾನ್ ಅಂಗಡಿಯ ಕಟ್ಟೆಯನ್ನೇ ಚಾವಡಿ ಮಾಡಿಕೊಂಡು, ಹೆಗಲ ಮೇಲೊಂದು ಗಮ್ಛಾ ಇಳಿಬಿಟ್ಟು, ಎದುರಾದವರನ್ನೆಲ್ಲ 'ಗುರು' ಎಂದು ಕರೆಯುತ್ತ, ತಾನೂ ಹಾಗೆಯೇ ಕರೆಸಿಕೊಳ್ಳುವ ಹಿರಿಯನನ್ನು ಆ ಊರಿಗೆ ಹೋಗಿಬಂದವರೆಲ್ಲ ಬಲ್ಲರು. ಆತನು ಪಾನನ್ನು ಅಗಿಯುವುದಿಲ್ಲ; ದವಡೆಯ ಮೂಲೆಯಲ್ಲಿರಿಸಿ ತಾನಾಗಿ ಕರಗಲು ಬಿಡುತ್ತಾನೆ, ಇದಕ್ಕೆ ಅಲ್ಲಿಯವರು 'ಘುಲಾನಾ' ಎನ್ನುತ್ತಾರೆ. ಕಾಶಿರಾಜ ದಿವೋದಾಸ ಧನ್ವಂತರಿಯ ಉಪದೇಶವೆನ್ನಲಾಗುವ ಸುಶ್ರುತ ಸಂಹಿತೆಯು ದ್ರವವನ್ನು ಬಾಯಲ್ಲಿ ಆಡಿಸಿ ಮುಕ್ಕಳಿಸುವುದನ್ನು ಕವಲವೆಂದೂ, ಅಲುಗಿಸಲಾಗದಷ್ಟು ತುಂಬಿಕೊಂಡು ಸುಮ್ಮನಿರುವುದನ್ನು ಗಂಡೂಷವೆಂದೂ ಬೇರ್ಪಡಿಸುತ್ತದೆ. ಎಲೆಯಡಿಕೆಗೆ ಕವಳವೆಂದೇ ಹೆಸರಿಟ್ಟು ಕಚಕಚನೆ ಅಗಿಯುವ ಮಲೆನಾಡಿಗನು ಮೊದಲ ಪಂಗಡಕ್ಕೆ ಸೇರುವುದಾದರೆ, ಕಾಶಿಯ ಗುರುವನ್ನು ಎರಡನೆಯದಕ್ಕೆ ಸೇರಿಸಿದ್ದನ್ನು ಸುಶ್ರುತನು ಕ್ಷಮಿಸಿಯಾನು. ಅದೇ ಗ್ರಂಥವು ಏಳು ನೆಲೆಗಳಲ್ಲಿ 65 ಮುಖರೋಗಗಳನ್ನು ಎಣಿಸುತ್ತದೆ. ಬಾಯಲ್ಲಿ ಪಾನ್ ಇಲ್ಲದಿರುವುದು 66ನೆಯದೆಂಬುದು ಗುರುವಿನ ಸ್ವಂತ ಸಂಶೋಧನೆ.

ಇಂಥವನ ಕೆಳದವಡೆಯ ಹಲ್ಲೊಂದನ್ನು ಕಿತ್ತ ವೈದ್ಯರು ಕುಳಿಯ ಮೇಲೆ ಬಟ್ಟೆಯ ಮಡಿಕೆಯನ್ನಿಟ್ಟು, ಅರ್ಧ ಮುಕ್ಕಾಲು ಗಂಟೆ ಬಿಗಿಯಾಗಿ ಕಚ್ಚಿಕೊಂಡಿರಲು ಹೇಳುತ್ತಾರೆ. ಬೇರೆ ರೋಗಿಗಳು ಪೇಚಾಡುವ ಈ ಘಟ್ಟದಲ್ಲಿ ಗುರುವನ್ನು ಮೀರಿಸುವವರಿಲ್ಲ, ಏಕೆಂದರೆ ಬಾಯಿ ತುಂಬಿಕೊಂಡು, ಗದ್ದವನ್ನು ತುಸು ಮೇಲೆತ್ತಿ, 'ಹೂಂ', 'ಊಹೂಂ'ಗಳಲ್ಲೇ ರಾಜಕೀಯವನ್ನೂ ಸಂಗೀತವನ್ನೂ ಚರ್ಚಿಸುವ ಅಭ್ಯಾಸ ಆತನಿಗೆ ನಲವತ್ತು ವರ್ಷಗಳಿಂದ ಇದೆ. ಮೊದಲ ದಿನ ಎಂಜಲು ಕೆಂಪಾಗಿ ಕಂಡರೆ ಗಾಬರಿಯಾಗಬೇಡಿರೆಂದು ವೈದ್ಯರು ಎಲ್ಲರಿಗೂ ಹೇಳುವ ಧೈರ್ಯದ ಮಾತು ಈತನ ಮಟ್ಟಿಗೆ ವ್ಯರ್ಥ, ಬೆಳ್ಳಗೆ ಕಂಡಿದ್ದರೆ ಗಾಬರಿಯಾಗುತ್ತಿದ್ದನು.

ತೊಡಕು ಹುಟ್ಟುವುದು ಮುಂದಿನ 24 ಗಂಟೆಗಳಲ್ಲಿ. ಕುಳಿಯಲ್ಲಿ ರಕ್ತವು ಹೆಪ್ಪುಗಟ್ಟಿ ಒಳಗಿನ ಮೂಳೆಗೂ ನರಗಳಿಗೂ ಹೊದಿಕೆಯಾಗುತ್ತದೆ. ಉಗುಳಿದಾಗ, ಹೀರಿದಾಗ, ಜೋರಾಗಿ ಮುಕ್ಕಳಿಸಿದಾಗ ಬಾಯೊಳಗೆ ಉಂಟಾಗುವ ಸೆಳೆತಕ್ಕೆ ಆ ಹೆಪ್ಪು ಕಿತ್ತುಬಂದರೆ ಮೂಳೆ ಬರಿದಾಗಿ, ಎರಡು ಮೂರು ದಿನಗಳಲ್ಲಿ ಕಿವಿಯವರೆಗೂ ಹಬ್ಬುವ ನೋವು, ಜೊತೆಗೆ ದುರ್ವಾಸನೆ ಕಾಣಿಸಿಕೊಳ್ಳುತ್ತವೆ. ಒಣಕುಳಿ ಎನ್ನಬಹುದಾದ ಈ ತೊಂದರೆ ಕೆಳದವಡೆಯಲ್ಲೂ ಧೂಮಪಾನಿಗಳಲ್ಲೂ ಹೆಚ್ಚು. ಆದ್ದರಿಂದ ಉಗುಳಬಾರದು, ಹೀರಬಾರದು, ಹೊಗೆಸೊಪ್ಪು ಮುಟ್ಟಬಾರದು ಎಂಬುದು ವೈದ್ಯರ ವಿಧಿ. ಕುಲ್ಹಡ್ ಎಂಬ ಮಣ್ಣಿನ ಕುಡಿಕೆಯಲ್ಲಿ ಬಿಸಿ ಚಹಾವನ್ನು ಸೊರ್ರೆಂದು ಹೀರಿ, ಜರ್ದಾ ಬೆರೆತ ಪಾನ್ ಹಾಕಿ, ಕಟ್ಟೆಯಲ್ಲಿ ಕುಳಿತಲ್ಲಿಂದಲೇ ಎದುರಿನ ಚರಂಡಿಗೆ ಗುರಿತಪ್ಪದೆ ಉಗುಳುವವನಿಗೆ, ಇಷ್ಟನ್ನೆಲ್ಲ ಕಳೆದರೆ ಬಾಯಿಯಲ್ಲಿ ಉಳಿಯುವುದೇನೆಂಬ ಪ್ರಶ್ನೆ ಸಹಜವಾದುದು.

ಗುರು ಸೋಲುವವನಲ್ಲ. ಪಾನಿನ ಮಡಿಕೆಗೆ ಚುಚ್ಚುವುದು ಲವಂಗ, ಒಣಕುಳಿಗೆ ವೈದ್ಯರು ತುಂಬುವ ಔಷಧದಲ್ಲಿಯೂ ಹಲವು ವೇಳೆ ಇರುವುದು ಲವಂಗದ ಎಣ್ಣೆಯ ಸಾರ, ಆದ್ದರಿಂದ ಪಾನೇ ಔಷಧವೆಂದು ವಾದಿಸುತ್ತಾನೆ. ಸುಣ್ಣ, ಅಡಿಕೆ, ಜರ್ದಾಗಳ ಪ್ರಸ್ತಾಪವನ್ನು ಜಾಣತನದಿಂದ ಕೈಬಿಡುತ್ತಾನೆ. ಬನಾರಸಿ ಪಾನಿಗೆ 2023ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ದೊರೆತಿರುವುದರಿಂದ ಅದನ್ನು ನಿಷೇಧಿಸಲು ಒಬ್ಬ ಹಲ್ಲಿನ ವೈದ್ಯನಿಗೆ ಅಧಿಕಾರವಿಲ್ಲವೆಂಬುದು ಆತನ ಎರಡನೆಯ ವಾದ. ಆಹಾರದ ವಿಷಯದಲ್ಲಿ ಮಾತ್ರ ತಕರಾರಿಲ್ಲ: ಬೆಳಗಿನ ಕಚೌರಿ ತಪ್ಪಿದರೂ, ಚಮಚದಲ್ಲಿ ತಿನ್ನುವಷ್ಟು ಗಟ್ಟಿಯಾದ ಲಸ್ಸಿಯೂ, ಚಳಿಗಾಲವಾದರೆ ಹಾಲಿನ ನೊರೆಯಿಂದ ಮಾಡುವ, ನಾಲಗೆಗೆ ತಾಗುತ್ತಲೇ ಮಾಯವಾಗುವ ಮಲೈಯೋ ಎಂಬ ಸಿಹಿಯೂ ಪಥ್ಯವೇ ಆಗಿರುವುದರಿಂದ, ಆತನು ವೈದ್ಯರು ಹೇಳಿದ್ದಕ್ಕಿಂತ ಹೆಚ್ಚು ನಿಷ್ಠೆಯಿಂದ ಪಥ್ಯ ಮಾಡುತ್ತಾನೆ.

ಮರುದಿನದಿಂದ, ಒಂದು ಲೋಟ ಉಗುರುಬೆಚ್ಚಗಿನ ನೀರಿಗೆ ಅರ್ಧ ಚಮಚ ಉಪ್ಪು ಹಾಕಿ, ಊಟವಾದ ಮೇಲೆ ಮೆಲ್ಲಗೆ ಬಾಯಿ ತೊಳೆಯಬೇಕು. ಆ ನೀರನ್ನೂ ಉಗುಳದೆ, ತಲೆ ಬಾಗಿಸಿ, ತಾನಾಗಿ ಹೊರಬೀಳಲು ಬಿಡಬೇಕು. ಯಾರಿಗೂ ತಲೆಬಾಗದ ಗುರು ಬಚ್ಚಲಲ್ಲಿ ಬಾಗುವುದನ್ನು ನೋಡಲು ಮೊಮ್ಮಕ್ಕಳು ಬಾಗಿಲಲ್ಲಿ ಗುಂಪುಗೂಡುತ್ತಾರೆ. ನಾಲ್ಕನೆಯ ದಿನ ಆತನು ಪಾನ್ ಅಂಗಡಿಯ ಮುಂದೆ ಪ್ರತ್ಯಕ್ಷನಾಗಿ, ಊದಿದ ಕೆನ್ನೆಯನ್ನು ಗಮ್ಛಾದಿಂದ ಮುಚ್ಚಿಕೊಂಡು, "ಎಡಗಡೆ ರಜೆ, ಬಲಗಡೆಗೆ ಒಂದು ಕಟ್ಟು ಗುರು" ಎನ್ನುತ್ತಾನೆ.