ನೆಟ್ಟನ್ನು ಎತ್ತರಿಸಿದವರು ಯಾರು?

ವಾಲಿಬಾಲ್ ಹುಡುಗರ ಆಟ ಎಂದು ಯಾರಾದರೂ ಹೇಳಿದರೆ ನನಗೆ ಸಿಟ್ಟು ಬರುತ್ತದೆ. ಅದು ಹುಟ್ಟಿದ್ದೇ ನಮ್ಮಂಥವರಿಗಾಗಿ. 1891ರಲ್ಲಿ ಅಮೆರಿಕದ ಸ್ಪ್ರಿಂಗ್‌ಫೀಲ್ಡಿನ ವೈ.ಎಂ.ಸಿ.ಎ. ತರಬೇತಿ ಶಾಲೆಯಲ್ಲಿ ಜೇಮ್ಸ್ ನೈಸ್ಮಿತ್ ಪೀಚ್ ಹಣ್ಣಿನ ಬುಟ್ಟಿ ಕಟ್ಟಿಸಿ ಬ್ಯಾಸ್ಕೆಟ್‌ಬಾಲ್ ಆಡಿಸಿದರು. ಹುಡುಗರಿಗೆ ಅದು ಹಿಡಿಸಿತು. ಆದರೆ ಪಕ್ಕದ ಹೋಲಿಯೋಕ್ ಊರಿನ ವೈ.ಎಂ.ಸಿ.ಎ.ಗೆ ಬರುತ್ತಿದ್ದವರಲ್ಲಿ ನಡುವಯಸ್ಸು ದಾಟಿದ ವ್ಯಾಪಾರಸ್ಥರಿದ್ದರು. ಅಷ್ಟು ಓಟ, ಅಷ್ಟು ತಳ್ಳಾಟ ಅವರ ಕೈಲಾಗುವಂಥದ್ದಲ್ಲ. 1895ರಲ್ಲಿ ಅವರಿಗೆಂದೇ ಅಲ್ಲಿನ ವಿಲಿಯಂ ಮಾರ್ಗನ್ ಹೊಸ ಆಟ ಕಟ್ಟಿದರು. ನೆಟ್ ಆರೂವರೆ ಅಡಿ. ಒಂದು ಕಡೆ ಎಷ್ಟು ಜನ ಬೇಕಾದರೂ ನಿಲ್ಲಬಹುದು, ಚೆಂಡನ್ನು ಎಷ್ಟು ಸಲ ಬೇಕಾದರೂ ಮುಟ್ಟಬಹುದು. ಇಷ್ಟು ದಯೆ ಮೋಶೆಯ ಧರ್ಮಶಾಸ್ತ್ರದಲ್ಲೂ ಇಲ್ಲ.

ಈಗ ನೋಡಿ: ನೆಟ್ 2.43 ಮೀಟರ್, ಆರೇ ಜನ, ಮೂರೇ ಮುಟ್ಟು. ಎತ್ತರಿಸುವಾಗ ನಮ್ಮನ್ನೊಂದು ಮಾತು ಕೇಳಿದವರಿಲ್ಲ.

ನಾನು ಮಂಗಳೂರಿನ ಕಡೆಯ ಸಿ.ಎಸ್.ಐ. ಸಭೆಯವನು. ನನಗೆ ಈ ಆಟ ಕಲಿಸಿದ ಡ್ರಿಲ್ ಮಾಸ್ಟ್ರು ಮದ್ರಾಸಿನಲ್ಲಿ, 1920ರಲ್ಲಿ ಎಚ್.ಸಿ. ಬಕ್ ಶುರುಮಾಡಿದ ವೈ.ಎಂ.ಸಿ.ಎ. ದೈಹಿಕ ಶಿಕ್ಷಣ ಕಾಲೇಜಿನಲ್ಲಿ ಕಲಿತು ಬಂದವರು. ಪ್ರಾಯದಲ್ಲಿ ನಾನು ಸ್ಮಾಶರ್. ನಲವತ್ತು ದಾಟಿದ ಮೇಲೆ ಲಿಫ್ಟರ್. ಈಗ ಹಿಂದಿನ ಸಾಲಿನ ಮೂಲೆಯಲ್ಲಿ, ಚೆಂಡು ಬಂದರೆ ಎತ್ತುವ, ಬಾರದಿದ್ದರೆ ದೇವರಿಗೆ ಸ್ತೋತ್ರ ಹೇಳುವ ಹುದ್ದೆ. ಮೊಣಕಾಲು ಬಗ್ಗಿಸಿದರೆ ಒಣಸೋಗೆ ಮುರಿದಂತೆ ಸದ್ದು. ನನ್ನ ಸರ್ವೀಸಿಗಿಂತ ಅದಕ್ಕೇ ಎದುರಾಳಿಗಳು ಬೆಚ್ಚುತ್ತಾರೆ.

"ಇನ್ನು ಹಾರ್ಲಿಕ್ಕಿಲ್ಲ," ಎಂದರು ಮೂಳೆ ಡಾಕ್ಟ್ರು.

"ಹಾರುವುದಿಲ್ಲ ಡಾಕ್ಟ್ರೇ, ಹಾರಿದ ಹಾಗೆ ನನಗೆ ಅನಿಸುವುದಷ್ಟೆ," ಎಂದೆ.

ಮನೆಯಲ್ಲಿ ಆಕ್ಷೇಪಣೆ ಇನ್ನೂ ಶಾಸ್ತ್ರೋಕ್ತ. ಪೌಲನು ಕೊರಿಂಥದವರಿಗೆ ಬರೆಯುವಾಗ ಓಟದ ಪಂದ್ಯ, ಮುಷ್ಟಿಯುದ್ಧ ಎಲ್ಲ ತಂದಿದ್ದಾನಲ್ಲ ಎಂದು ನಾನು ವಾದ ಹೂಡುತ್ತೇನೆ. ಆ ಊರಿನ ಹತ್ತಿರವೇ ಇಸ್ತ್‌ಮಿಯನ್ ಕ್ರೀಡಾಕೂಟ ನಡೆಯುತ್ತಿತ್ತು, ಅಪೊಸ್ತಲನಿಗೆ ಕ್ರೀಡೆಯ ರುಚಿ ಇದ್ದಿರಲೇಬೇಕು. ನನ್ನ ಹೆಂಡತಿ ತಿಮೊಥೆಯನಿಗೆ ಬರೆದ ಮೊದಲ ಪತ್ರ ತೆಗೆಯುತ್ತಾಳೆ. ಅಲ್ಲಿ ದೇಹದ ಸಾಧನೆಗೆ ಪೌಲನು ಕೊಟ್ಟ ಮಾರ್ಕು ಬಹಳ ಕಡಿಮೆ. "ಓದುವುದಾದ್ರೆ ಪೂರ್ತಿ ಓದಿ ಮಾರಾಯ್ರೆ," ಎಂದು ನೋವಿನ ಎಣ್ಣೆಯ ಬಾಟಲಿ ಮುಂದಿಡುತ್ತಾಳೆ.

ಭಾನುವಾರ ಬಿಸಿಲಿಳಿದ ಮೇಲೆ ದೇವಾಲಯದ ಹಿಂದಿನ ಮೈದಾನದಲ್ಲಿ ಸುಣ್ಣದ ಗೆರೆ ಬೀಳುತ್ತದೆ. ಇದು ನಮ್ಮ ಸಭಾ ಹಿರಿಯರೊಬ್ಬರಿಗೆ ಸರಿಬರುವುದಿಲ್ಲ. ಕರ್ತನ ದಿನ ಆಟವೇ? ಎರಿಕ್ ಲಿಡೆಲ್ ಗೊತ್ತಿಲ್ಲವೇ ಎಂದು ಕೇಳಿದರು. ಗೊತ್ತಿಲ್ಲದೆ ಏನು! 1924ರ ಪ್ಯಾರಿಸ್ ಒಲಿಂಪಿಕ್ಸಿನಲ್ಲಿ ನೂರು ಮೀಟರಿನ ಹೀಟ್ಸ್ ಭಾನುವಾರ ಬಿತ್ತೆಂದು ಓಡಲೊಪ್ಪದ ಸ್ಕಾಟ್ಲೆಂಡಿನ ಮನುಷ್ಯ. ಬದಲಿಗೆ ನಾನೂರು ಮೀಟರನ್ನು 47.6 ಸೆಕೆಂಡಿನಲ್ಲಿ ಓಡಿ ಚಿನ್ನ ಗೆದ್ದು, ಮರುವರ್ಷ ಮಿಷನರಿಯಾಗಿ ಚೀನಕ್ಕೆ ಹೋದರು.

ಹಿರಿಯರು ಕತೆಯನ್ನು ಅಲ್ಲಿಗೇ ನಿಲ್ಲಿಸುತ್ತಾರೆ. ಮುಂದಿನದು ನನಗೆ ಹೆಚ್ಚು ಇಷ್ಟ. ಯುದ್ಧಕಾಲದಲ್ಲಿ ಜಪಾನೀಯರು ಲಿಡೆಲ್‌ರನ್ನು ವೈಶಿಯನ್ ಶಿಬಿರದಲ್ಲಿ ಕೂಡಿಹಾಕಿದ್ದರು. ಅಲ್ಲಿನ ಮಕ್ಕಳಿಗೆ ಅವರೇ ಆಟದ ಮೇಷ್ಟ್ರು. ಭಾನುವಾರ ಮಾತ್ರ ಆಟವಿಲ್ಲ. ಒಂದು ಭಾನುವಾರ ಹುಡುಗರು ತಾವೇ ಹಾಕಿ ಆಡಲು ಹೋಗಿ, ನೋಡಿಕೊಳ್ಳುವವರಿಲ್ಲದೆ, ಹೊಡೆದಾಡಿಕೊಂಡರು. ಮುಂದಿನ ಭಾನುವಾರ ಲಿಡೆಲ್ ರೆಫರಿಯಾಗಿ ಬಂದು ನಿಂತರು. ಒಲಿಂಪಿಕ್ ಚಿನ್ನಕ್ಕೆ ಸಡಿಲಿಸದ ನೇಮವನ್ನು ಮಕ್ಕಳ ಜಗಳಕ್ಕಾಗಿ ಸಡಿಲಿಸಿದರು. 1945ರ ಫೆಬ್ರವರಿಯಲ್ಲಿ ಅದೇ ಶಿಬಿರದಲ್ಲಿ ತೀರಿಕೊಂಡಾಗ ಅವರಿಗೆ 43. ಇಷ್ಟು ಹೇಳಿ, "ನೀವೂ ಬಂದು ಪೀಪಿ ಊದಿ" ಎಂದೆ. ಹಿರಿಯರು ಯೋಚನೆ ಮಾಡಿ ಹೇಳುತ್ತೇನೆಂದರು. ಇನ್ನೂ ಯೋಚಿಸುತ್ತಿದ್ದಾರೆ.

ಕ್ರೈಸ್ತನಾಗಿ ಆಡುವುದೆಂದರೆ ಆಟಕ್ಕೆ ಮೊದಲು ಒಂದು ಪ್ರಾರ್ಥನೆ, ಅಷ್ಟೇ ಎಂದು ನಮ್ಮ ಯುವಜನ ಸಂಘದವರು ತಿಳಿದಿದ್ದಾರೆ. ಪ್ರಾರ್ಥನೆ ಸುಲಭ. ವೈರಿಯನ್ನು ಪ್ರೀತಿಸುವುದೂ ಅಷ್ಟೇನೂ ಕಷ್ಟವಲ್ಲ, ನಡುವೆ ನೆಟ್ ಇರುತ್ತದೆ. ಹತ್ತೊಂಬತ್ತು ಪಾಯಿಂಟಿಗೆ ಸರಿಸಮ ಇರುವಾಗ ಸರ್ವೀಸನ್ನು ತೆಂಗಿನಮರಕ್ಕೆ ಹೊಡೆದ ನಮ್ಮವನೇ ಒಬ್ಬನಿರುತ್ತಾನಲ್ಲ, ಅವನನ್ನು ಪ್ರೀತಿಸಬೇಕು. ಅಲ್ಲಿ ನನ್ನ ವಿಶ್ವಾಸ ಈಗಲೂ ಅಲುಗುತ್ತದೆ.

ಮೊನ್ನೆ ಫೈನಲ್ ಸೆಟ್ಟಿನ ಕೊನೆಗೆ ಎದುರಿನ ಹುಡುಗ ಹೊಡೆದ ಸ್ಮಾಶ್ ನನ್ನ ಮೂಲೆಗೇ ಬಂತು. ನಮ್ಮವರೆಲ್ಲ ಒಂದೇ ಬಾಯಲ್ಲಿ "ಔಟ್!" ಎಂದರು. ಕಣ್ಣಿನ ಪೊರೆ ತೆಗೆಸಿದಾಗಿನಿಂದ ನನಗೆ ಗೆರೆ ಬೇಡವೆನ್ನುವಷ್ಟು ಸ್ಪಷ್ಟವಾಗಿ ಕಾಣುತ್ತದೆ. ಚೆಂಡಿಗೆ ಸುಣ್ಣ ಹತ್ತಿತ್ತು.

"ಒಳಗೆ," ಎಂದೆ.

ಆಟ ಸೋತೆವು. ನಮ್ಮ ಕ್ಯಾಪ್ಟನ್ ನೀರು ಕುಡಿಯುತ್ತಾ, "ಬರುವ ವಾರ ಅಜ್ಜನನ್ನು ಆ ಕಡೆಗೆ ಹಾಕುವ," ಎಂದ.

"ನಮಗೆ ಬೇಡಪ್ಪ," ಎಂದ ಆ ಕಡೆಯವನು, "ಅವರು ಇಲ್ಲಿಗೆ ಬಂದ್ರೂ ಹಾಗೇ ಹೇಳುದು!"